ಹೊಸ ಕ್ರಿಕೆಟ್ ಬ್ಯಾಟಿಗೆ ಗಾಣದ ಅಗಸಿ ಎಣ್ಣೆ ನಡೆಯುತ್ತದೆಯೇ?

ಧಾರಾಳವಾಗಿ ನಡೆಯುತ್ತದೆ, ದುಬಾರಿ ಇಂಗ್ಲಿಷ್ ವಿಲೋ ಮರದ ಬ್ಯಾಟಿಗೂ. ಹುಬ್ಬಳ್ಳಿ, ಗದಗ ಕಡೆ ಗಾಣದಲ್ಲಿ ತೆಗೆದು ಮಾರುವ ಅಗಸಿ ಎಣ್ಣೆಯೂ ಸ್ಪೋರ್ಟ್ಸ್ ಅಂಗಡಿಯ ಪುಟ್ಟ ಬಾಟಲಿಯ ‘ರಾ ಲಿನ್‌ಸೀಡ್’ ಎಣ್ಣೆಯೂ ಮೂಲದಲ್ಲಿ ಒಂದೇ. ಪೇಂಟ್ ಅಂಗಡಿಯ ‘ಡಬಲ್ ಬಾಯ್ಲ್ಡ್’ ಮಾತ್ರ ಬೇಡವೇ ಬೇಡ. ಬೇಗ ಒಣಗಲೆಂದು ಅದಕ್ಕೆ ಡ್ರೈಯರ್ ಬೆರೆಸಿರುತ್ತಾರೆ. ಮರದೊಳಗೆ ಇಳಿಯುವ ಮೊದಲೇ ಮೇಲೆ ಗಟ್ಟಿ ಪೊರೆ ಕಟ್ಟುತ್ತದೆ.

ಗಾಣದ ಎಣ್ಣೆಯಲ್ಲಿ ಕೊರತೆಯೆಂದರೆ ಗಸಿ. ಬಾಟಲಿ ಅಲ್ಲಾಡಿಸದೆ ಒಂದೆರಡು ದಿನ ಇಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಿ. ಗಸಿ ಸವರಿದರೆ ಬ್ಯಾಟಿನ ಮುಖ (ಚೆಂಡು ಹೊಡೆಯುವ ಬದಿ) ಅಂಟಂಟಾಗಿ ಧೂಳು ಹಿಡಿಯುತ್ತದೆ.

ಒಂದು ಸಲಕ್ಕೆ ಒಂದು ಟೀ ಚಮಚ ಸಾಕು. ಮುಖ, ಎಡ್ಜ್ (ಬದಿಯ ಅಂಚು), ಟೋಗೆ (ಕೆಳತುದಿ) ಬಟ್ಟೆಯಿಂದ ತೆಳ್ಳಗೆ ಸವರಿ. ಸ್ಟಿಕರ್ ಇಲ್ಲದ ಹಿಂಬದಿಗೆ ಬಟ್ಟೆಯಲ್ಲಿ ಉಳಿದಷ್ಟೇ. ಹಿಡಿಕೆ ಬ್ಲೇಡಿಗೆ ಕೂಡುವ ಸ್ಪ್ಲೈಸಿಗೆ ತಾಗಿಸಬೇಡಿ, ಅಂಟು ಸಡಿಲಾಗುತ್ತದೆ. ಮುಖ ಮೇಲೆ ಮಾಡಿ ಮಲಗಿಸಿಡಿ. ಗೋಡೆಗೆ ಆನಿಸಿ ನಿಲ್ಲಿಸಿದರೆ ಎಣ್ಣೆ ಟೋ ಕಡೆ ಜಾರಿ ಅಲ್ಲೇ ಸೇರಿಕೊಳ್ಳುತ್ತದೆ. 24 ಗಂಟೆ ಬಿಟ್ಟು ಎರಡನೇ ಕೈ. ಮುಖ ಇನ್ನೂ ಒಣಕಲಾಗಿ ಕಂಡರಷ್ಟೇ ಮೂರನೆಯದು. ಮಳೆಗಾಲದಲ್ಲಿ ಒಣಗುವುದು ತಡ, ಇನ್ನೊಂದು ದಿನ ಕಾಯಿರಿ. ಎಣ್ಣೆ ಹೆಚ್ಚು ಕುಡಿದ ಬ್ಯಾಟ್ ಭಾರವಾಗುತ್ತದೆ, ಚೆಂಡು ಚಿಮ್ಮುವುದಿಲ್ಲ. ಆಮೇಲೆ ಆ ಎಣ್ಣೆ ತೆಗೆಯಲು ದಾರಿಯಿಲ್ಲ.

ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅಗಸಿ ಎಣ್ಣೆ ಗಾಳಿಯೊಂದಿಗೆ ಬೆರೆತು ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಬಹುದು. ಬಿಡಿಸಿ ಹೊರಗೆ ಒಣಹಾಕಿ.

ಎಣ್ಣೆ ಹಚ್ಚಿದರೆ ಬ್ಯಾಟ್ ತಯಾರಾಯಿತು ಎಂದುಕೊಳ್ಳುವವರೇ ಹೆಚ್ಚು. ಎಣ್ಣೆ ಮರ ಒಣಗಿ ಬಿರಿಯದಂತೆ ಕಾಯುತ್ತದೆ, ಅಷ್ಟೇ. ಹೊಡೆತ ತಾಳುವಂತೆ ನಾರನ್ನು ಬಿಗಿ ಮಾಡುವುದು ಮ್ಯಾಲೆಟ್, ಅಂದರೆ ಮರದ ಸುತ್ತಿಗೆ. ಮೆಲ್ಲಗೆ ಶುರು ಮಾಡಿ, ದಿನಕ್ಕೆ ಅರ್ಧ ತಾಸಿನಂತೆ ಒಟ್ಟು ನಾಲ್ಕೈದು ತಾಸು ಬಡಿಯಿರಿ. ಎಡ್ಜಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಬಡಿದು ಮೂಲೆ ದುಂಡಗಾಗಿಸಿ. ಟೋ ತಳಕ್ಕೆ ನೇರ ಏಟು ಕೊಟ್ಟರೆ ಸೀಳುತ್ತದೆ. ಆಮೇಲೆ ಹಳೆಯ ಲೆದರ್ ಚೆಂಡಿನಲ್ಲಿ ಮೆಲ್ಲಗೆ ಆಡಿ, ಕೊನೆಗೆ ಹೊಸ ಚೆಂಡು. ಚೆಂಡಿನ ಸೀಮಿನ (ಹೊಲಿಗೆಯ) ಗುರುತು ಆಳವಾಗಿ ಬಿದ್ದರೆ ಮತ್ತೆ ಮ್ಯಾಲೆಟ್ ಹಿಡಿಯಿರಿ.

ಮ್ಯಾಟ್ ಪಿಚ್‌ನಲ್ಲಿ ಆಡುವವರು ಟೋ ಗಾರ್ಡ್ (ಟೋ ತಳಕ್ಕೆ ಅಂಟಿಸುವ ರಬ್ಬರ್ ಪಟ್ಟಿ) ಹಾಕಿಸಿಯೇ ಇಳಿಯಿರಿ. ಮ್ಯಾಟ್ ಟೋ ತಳವನ್ನು ಬೇಗ ಸವೆಸುತ್ತದೆ. ಮುಖ ಕಾಯುವ ತೆಳು ಹಾಳೆಯಾದ ಆಂಟಿ ಸ್ಕಫ್ ಶೀಟ್ ಅಂಟಿಸುವುದಾದರೆ ಎಣ್ಣೆ ಪೂರ್ತಿ ಆರಿರಬೇಕು. ಶೀಟ್ ಸಮೇತ ಬಂದ ಬ್ಯಾಟಿನ ಮುಖಕ್ಕೆ ಎಣ್ಣೆ ಹಚ್ಚಿ ಉಪಯೋಗವಿಲ್ಲ, ತೆರೆದಿರುವ ಕಡೆ ಮಾತ್ರ ಸವರಿ.

100 ಮಿಲಿ ಬಾಟಲಿಯೇ ಹೆಚ್ಚಾಯಿತು. ಲೀಟರ್ ಕೊಳ್ಳಬೇಡಿ, ಮುಚ್ಚಳ ತೆರೆದ ಎಣ್ಣೆ ದಿನಗಳೆದಂತೆ ಮಂದವಾಗುತ್ತದೆ.