ರಿಫಂಡಿನಲ್ಲಿ ಪರ್ಸೆಂಟ್ ಕೇಳುವವರ ಕೈಗೆ ಪ್ಯಾನ್ ಕೊಡಬೇಡಿ: ಬಾಗಲಕೋಟೆಯಿಂದ ಒಂದು ಎಚ್ಚರಿಕೆ

ಮುಳುಗಡೆ ಪರಿಹಾರದ ರೊಕ್ಕ ಬಂದವರು, ಮನೆಯಲ್ಲಿ ಯಾರಾದರೂ ಗಲ್ಫ್‌ನಲ್ಲಿ ಇರುವವರು ದಯವಿಟ್ಟು ಇದನ್ನು ಓದಿ. "ಟಿಡಿಎಸ್ ಪೂರ್ತಿ ವಾಪಸ್ ತರಸ್ತೀನಿ, ರೊಕ್ಕ ಬಂದ ಮ್ಯಾಲ ಇಪ್ಪತ್ತು ಪರ್ಸೆಂಟ್ ಕೊಟ್ರ ಸಾಕ್ರಿ" ಎಂದು ಹೇಳುವ ಏಜೆಂಟರು ನಮ್ಮ ಕಡೆ ಈಗ ಜಾಸ್ತಿ ಆಗಿದ್ದಾರೆ. ಟಿಡಿಎಸ್ ಅಂದರೆ ರೊಕ್ಕ ಕೊಡುವವರು ಮುಂಚೆಯೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ನವನಗರದಲ್ಲಿ ಇರುವ ನಮ್ಮ ಕಾಕಾ, ದುಬೈನಲ್ಲಿ ಕೆಲಸ ಮಾಡುವ ಅವರ ಮಗ, ಇಬ್ಬರ ರಿಟರ್ನನ್ನೂ ಅಂಥ ಒಬ್ಬ ಏಜೆಂಟ್ ಹಾಕಿಕೊಟ್ಟ. ಅದನ್ನು ಬಿಡಿಸಿಕೊಳ್ಳುವ ಹೊತ್ತಿಗೆ ಮನೆಯವರಿಗೆಲ್ಲ ಸಾಕುಸಾಕಾಯಿತು. ಅವನ ಹೆಸರು ಬರೆಯುವುದಿಲ್ಲ. ಅವನೊಬ್ಬನೇ ಹೀಗೆ ಮಾಡುವವನೂ ಅಲ್ಲ.

ಮೊದಲು ಕಾಕಾನ ಕಥೆ. ಆಲಮಟ್ಟಿ ಹಿನ್ನೀರಿಗೆ ಹೋದ ಹೊಲದ ಪರಿಹಾರ ಕಡಿಮೆ ಆಯಿತೆಂದು ಕೋರ್ಟಿಗೆ ಹೋಗಿದ್ದರು. ವರ್ಷಗಟ್ಟಲೆ ಕಾದ ಮೇಲೆ ಹೆಚ್ಚುವರಿ ಪರಿಹಾರ ಬಂತು, ಜೊತೆಗೆ ಬಡ್ಡಿ. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಸರ್ಕಾರ ಕಡ್ಡಾಯವಾಗಿ ತೆಗೆದುಕೊಂಡ ಒಕ್ಕಲುತನದ ಜಮೀನಿನ ಪರಿಹಾರಕ್ಕೆ ಸಾಮಾನ್ಯವಾಗಿ ತೆರಿಗೆ ಇಲ್ಲ. ಆದರೆ ಅದರ ಮೇಲಿನ ಬಡ್ಡಿಗೆ ಇದೆ ಎನ್ನುವುದು ಇಲಾಖೆಯ ನಿಲುವು. ಇದರ ಬಗ್ಗೆ ಕೋರ್ಟುಗಳಲ್ಲಿ ವಾದ ನಡೆದೇ ಇದೆ, ಅದು ಬೇರೆ ಮಾತು. ಬಡ್ಡಿ ಎಷ್ಟು ವರ್ಷದ್ದೇ ಇರಲಿ, ಕೈಗೆ ಬಂದ ವರ್ಷದ ಆದಾಯ ಅಂತಲೇ ಲೆಕ್ಕ. ಅದರಲ್ಲಿ ಅರ್ಧ ಕಳೆದು, ಉಳಿದ ಅರ್ಧಕ್ಕೆ ಮಾತ್ರ ತೆರಿಗೆ. ರೊಕ್ಕ ಕೊಡುವ ಕಚೇರಿ ಮಾತ್ರ ಪೂರ್ತಿ ಬಡ್ಡಿಯ ಮೇಲೆ ಶೇ. 10 ಟಿಡಿಎಸ್ ಹಿಡಿಯುತ್ತದೆ. ಪ್ಯಾನ್ ಕೊಟ್ಟಿಲ್ಲ ಅಂದರೆ ಶೇ. 20.

ಕಾಕಾಗೆ 2024–25ರಲ್ಲಿ ಬಂದ ಬಡ್ಡಿ 16 ಲಕ್ಷ. ಹಿಡಿದ ಟಿಡಿಎಸ್ 1,60,000. ಹೊಲ ಹೋದ ಮೇಲೆ ಅವರಿಗೆ ಬೇರೆ ಆದಾಯ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ನೆಟ್ಟಗೆ ರಿಟರ್ನ್ ಹಾಕಿದ್ದರೆ ಲೆಕ್ಕ ಹೀಗಾಗುತ್ತಿತ್ತು: ತೆರಿಗೆ ಬೀಳುವ ಆದಾಯ 8 ಲಕ್ಷ, ತೆರಿಗೆ ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ಕರ) ಸೇರಿ 31,200, ರಿಫಂಡ್ 1,28,800. ಯಾವ ಜಾಣತನವೂ ಬೇಕಿಲ್ಲದ ಲೆಕ್ಕ ಇದು.

ಏಜೆಂಟ್ ಏನು ಮಾಡಿದ ನೋಡಿ. ಹಳೆ ಪದ್ಧತಿ ಆರಿಸಿದ. ಎಲ್‌ಐಸಿ, ಪಿಪಿಎಫ್ ಅಂತ ಒಂದೂವರೆ ಲಕ್ಷ ತೋರಿಸಿದ. ಆರೋಗ್ಯ ವಿಮೆ ಅಂತ 50 ಸಾವಿರ. ಒಂದು ರಾಜಕೀಯ ಪಕ್ಷಕ್ಕೆ ದೇಣಿಗೆ ಅಂತ ಒಂದು ಲಕ್ಷ! ಓಟು ಹಾಕೋಕೆ ಹೋಗುವಾಗಲೂ ಆಟೋ ರೊಕ್ಕಕ್ಕೆ ಚೌಕಾಸಿ ಮಾಡುವ ನಮ್ಮ ಕಾಕಾ ಪಕ್ಷಕ್ಕೆ ಲಕ್ಷ ಕೊಟ್ಟರಂತೆ. ಹೀಗೆ ಮೂರು ಲಕ್ಷ ಕಳೆದು ಆದಾಯ 5 ಲಕ್ಷಕ್ಕೆ ಇಳಿಸಿದ. ಅಷ್ಟಕ್ಕೆ ಹಳೆ ಪದ್ಧತಿಯಲ್ಲಿ ರಿಬೇಟ್ (ತೆರಿಗೆ ಮಾಫಿ) ಸಿಕ್ಕು ತೆರಿಗೆ ಸೊನ್ನೆ ಆಗುತ್ತದೆ. ಪೂರ್ತಿ 1,60,000 ಖಾತೆಗೆ ಬಂತು. ಕಾಕಾ ಖುಷಿಯಾಗಿ ಅವನಿಗೆ 20 ಪರ್ಸೆಂಟ್, ಅಂದರೆ 32,000 ಎಣಿಸಿ ಕೊಟ್ಟರು.

ಈಗ ಕಾಕಾನ ಕೈಯಲ್ಲಿ ಉಳಿದದ್ದು 1,28,000. ಸುಳ್ಳೇ ಇಲ್ಲದೆ ಹಾಕಿದ್ದರೆ ಬರುತ್ತಿದ್ದದ್ದು 1,28,800. ಅಂದರೆ ನೋಟಿಸು, ದಂಡ ಎಲ್ಲ ಪಕ್ಕಕ್ಕಿಟ್ಟರೂ, ಸುಳ್ಳು ಹೇಳಿಸಿಕೊಂಡು ಎಂಟುನೂರು ರೂಪಾಯಿ ಕಳೆದುಕೊಂಡರು. ಲಾಭ ಪೂರ್ತಿ ಏಜೆಂಟನಿಗೆ, ಪ್ಯಾನ್ ಮಾತ್ರ ಕಾಕಾನದು. ಪರ್ಸೆಂಟ್ ಲೆಕ್ಕದ ಮೋಸ ಇರುವುದೇ ಇಲ್ಲಿ. ರಿಫಂಡ್ ಎಷ್ಟು ದೊಡ್ಡದಾದರೆ ಅಷ್ಟು ಅವನ ಪಾಲು ದೊಡ್ಡದು. ಸರಿಯಾದ ಮೊತ್ತ ಹಾಕಿದರೆ ಅವನಿಗೇನು ಬಂತು?

ಇನ್ನೊಂದು ಕೆಲಸ ಮಾಡಿಟ್ಟಿದ್ದ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಕಾಕಾನ ಮೊಬೈಲ್ ನಂಬರ್ ತೆಗೆದು ತನ್ನದು ಹಾಕಿದ್ದ. ಇಮೇಲ್ ಕೂಡ ಅವನೇ ಮಾಡಿದ ಯಾವುದೋ ಐಡಿ. ಹಾಗಾಗಿ ಇಲಾಖೆ ಏನು ಕಳಿಸಿದರೂ ಕಾಕಾಗೆ ಗೊತ್ತೇ ಆಗುತ್ತಿರಲಿಲ್ಲ. ಇದು ಇವನ ಸ್ವಂತ ಐಡಿಯಾ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ 150 ಕಡೆ ಇಂಥ ರಿಟರ್ನ್ ಹಾಕುವವರ ಮೇಲೆ ದಾಳಿ ಮಾಡಿದಾಗ ಹೇಳಿದ್ದೂ ಇದನ್ನೇ. ಕಮಿಷನ್ ಆಸೆಗೆ ಸುಳ್ಳು ಕಡಿತ ತೋರಿಸುವುದು, ತಾತ್ಕಾಲಿಕ ಇಮೇಲ್ ಮಾಡಿ ರಾಶಿ ರಾಶಿ ರಿಟರ್ನ್ ಹಾಕಿ ಬಿಟ್ಟುಬಿಡುವುದು. ನೋಟಿಸ್ ಹೋಗುವುದು ಯಾರೂ ನೋಡದ ಆ ಇಮೇಲ್‌ಗೆ.

ನಮಗೆ ವಿಷಯ ಗೊತ್ತಾದದ್ದು ಕಾಕಾನ ಮಗನಿಂದ. ಅವನ ಇಮೇಲನ್ನು ಮಾತ್ರ ಏಜೆಂಟ್ ಬದಲಾಯಿಸಿರಲಿಲ್ಲ. ಒಂದು ದಿನ ದುಬೈಗೆ ಮೇಲ್ ಬಂತು: ರಿಟರ್ನಿನಲ್ಲಿ ತೋರಿಸಿದ್ದಕ್ಕೂ ಇಲಾಖೆಯ ದಾಖಲೆಗೂ ತಾಳೆ ಇಲ್ಲ. "ಅಣ್ಣಾ, ಇದೇನಂತ ಸ್ವಲ್ಪ ನೋಡು" ಎಂದು ನನಗೆ ಕಳಿಸಿದ.

ಅವನದು ಬೇರೆಯೇ ತರಹದ ಎಡವಟ್ಟು. ಎನ್‌ಆರ್‌ಐ ಆದವರ ಇಲ್ಲಿನ ಗಳಿಕೆ ಇರುವುದು ಎನ್‌ಆರ್‌ಒ ಖಾತೆಯಲ್ಲಿ. ಅಲ್ಲಿ ಎಫ್‌ಡಿ ಇಟ್ಟರೆ ಬಡ್ಡಿಯ ಮೇಲೆ ಬ್ಯಾಂಕ್ ಮೊದಲ ರೂಪಾಯಿಯಿಂದಲೇ ಶೇ. 30, ಸೆಸ್ ಸೇರಿ 31.2 ಹಿಡಿಯುತ್ತದೆ. ಇಲ್ಲಿರುವ ನಮಗೆ ಒಂದು ಮಿತಿ ದಾಟಿದ ಮೇಲೆ ಶೇ. 10 ಅಷ್ಟೇ. ತೆರಿಗೆ ಬೀಳುವಷ್ಟು ಆದಾಯ ಇಲ್ಲದಿದ್ದರೆ ನಾವು ಬ್ಯಾಂಕಿಗೆ ಘೋಷಣೆ ಪತ್ರ (2026ರ ಮಾರ್ಚ್‌ವರೆಗೆ 15ಜಿ, ವಯಸ್ಸಾದವರಿಗೆ 15ಎಚ್) ಕೊಟ್ಟು ಟಿಡಿಎಸ್ ತಪ್ಪಿಸಿಕೊಳ್ಳಬಹುದು. ಎನ್‌ಆರ್‌ಐಗಳು ಅದನ್ನು ಕೊಡುವ ಹಾಗಿಲ್ಲ. ವಿದೇಶದ ಗಳಿಕೆ ಕಳಿಸಿ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ತೆರಿಗೆಯೇ ಇಲ್ಲ, ಅದರ ಚಿಂತೆ ಬೇಡ.

ತಮ್ಮನಿಗೆ ಅದೇ 2024–25ರಲ್ಲಿ ಎನ್‌ಆರ್‌ಒ ಬಡ್ಡಿ 4 ಲಕ್ಷ. ಟಿಡಿಎಸ್ 1,24,800. ಎನ್‌ಆರ್‌ಐ ಅಂತಲೇ ಹಾಕಿದ್ದರೆ ಆ ವರ್ಷದ ಹೊಸ ಪದ್ಧತಿಯಲ್ಲಿ ಮೊದಲ 3 ಲಕ್ಷಕ್ಕೆ ತೆರಿಗೆ ಇರಲಿಲ್ಲ, ಉಳಿದ ಒಂದು ಲಕ್ಷಕ್ಕೆ ಸೆಸ್ ಸೇರಿ 5,200. ವಾಪಸ್ ಬರಬೇಕಾದದ್ದು 1,19,600. ಆದರೆ ಏಜೆಂಟನಿಗೆ ಆ 5,200ನ್ನೂ ಬಿಡಲು ಮನಸ್ಸಿಲ್ಲ. ಆ ವರ್ಷ 7 ಲಕ್ಷದವರೆಗೆ ಇದ್ದ ರಿಬೇಟ್ ಸಿಗುತ್ತಿದ್ದದ್ದು ಭಾರತದ ನಿವಾಸಿಗಳಿಗೆ ಮಾತ್ರ. ಅದಕ್ಕೆ ತಮ್ಮನನ್ನು ನಿವಾಸಿ ಅಂತ ತೋರಿಸಿ ಐಟಿಆರ್-1 ಹಾಕಿಬಿಟ್ಟ. ಆ ಫಾರ್ಮ್ ಎನ್‌ಆರ್‌ಐಗಳಿಗೆ ಅಲ್ಲವೇ ಅಲ್ಲ. ಅವರು ಸಾಮಾನ್ಯವಾಗಿ ಐಟಿಆರ್-2 ಹಾಕಬೇಕು. ಬ್ಯಾಂಕ್ ಎನ್‌ಆರ್‌ಐ ಲೆಕ್ಕದಲ್ಲಿ ಹಿಡಿದ ಟಿಡಿಎಸ್ 26ಎಎಸ್‌ನಲ್ಲಿ (ಪ್ಯಾನ್‌ಗೆ ಬಂದ ಟಿಡಿಎಸ್ ಪಟ್ಟಿಯಲ್ಲಿ) ಎದ್ದು ಕಾಣುತ್ತಿರುವಾಗ ನಿವಾಸಿ ಅಂತ ಹೇಳಿದರೆ ಕಂಪ್ಯೂಟರ್ ಕೂಡ ಹಿಡಿಯುತ್ತದೆ.

5,200 ರೂಪಾಯಿ ಉಳಿಸಲು ಹೋಗಿ ಅವನು ಇಟ್ಟ ಗಂಡಾಂತರ ಎಂಥದ್ದು ಅಂತ ಆಮೇಲೆ ಸಿಎ ಬಿಡಿಸಿ ಹೇಳಿದರು. ಇಲ್ಲಿ ಪೂರ್ಣ ನಿವಾಸಿ ಆದವರಿಗೆ ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಆ ಆದಾಯ ಇಲ್ಲಿ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಅಂದರೆ "ನನ್ನ ದುಬೈ ಸಂಬಳಕ್ಕೂ ತೆರಿಗೆ ಹಾಕಿ" ಎಂದು ಕೈಯಾರೆ ಬರೆದುಕೊಟ್ಟ ಹಾಗೆ. ಎನ್‌ಆರ್‌ಐ ಹೌದೋ ಅಲ್ಲವೋ ಅನ್ನುವುದು ಪಾಸ್‌ಪೋರ್ಟಿನಿಂದ ತೀರ್ಮಾನ ಆಗುವುದಿಲ್ಲ, ಆ ಆರ್ಥಿಕ ವರ್ಷದಲ್ಲಿ ಇಲ್ಲಿ ಎಷ್ಟು ದಿನ ಇದ್ದರು ಅನ್ನುವುದರಿಂದ. 182 ದಿನ ಇದ್ದರೆ ನಿವಾಸಿ. ಕಡಿಮೆ ದಿನ ಇದ್ದರೂ ನಿವಾಸಿ ಆಗುವ ಇನ್ನೂ ಕೆಲವು ಷರತ್ತುಗಳಿವೆ. ಹಾಗಾಗಿ ಊರಿಗೆ ಬಂದು ಹೋದ ತಾರೀಖುಗಳನ್ನು ಬರೆದಿಟ್ಟುಕೊಳ್ಳಲು ಹೇಳಿ. ತಮ್ಮನ ವಿಷಯದಲ್ಲಿ ಆ ಗೊಂದಲವೇ ಇರಲಿಲ್ಲ. ರಜೆಗೆ ಬಂದವನು ಒಂದು ತಿಂಗಳೂ ನಿಲ್ಲುವುದಿಲ್ಲ, ಕಾಕು ಬೈಯುವುದೇ ಅದಕ್ಕೆ.

ಸರಿಪಡಿಸಿದ್ದು ಹೀಗೆ. ಆಧಾರ್ ಒಟಿಪಿ ಹಾಕಿ ಕಾಕಾನ ಪೋರ್ಟಲ್ ಪಾಸ್‌ವರ್ಡ್ ಬದಲಿಸಿ, ಮೊಬೈಲು, ಇಮೇಲು ನಮ್ಮದು ಹಾಕಿದೆವು. ಒಬ್ಬ ಸಿಎ ಹತ್ತಿರ ಇಬ್ಬರದೂ ರಿವೈಸ್ಡ್ ರಿಟರ್ನ್, ಅಂದರೆ ತಿದ್ದಿದ ರಿಟರ್ನ್, ಹಾಕಿಸಿದೆವು. ಆ ವರ್ಷದ್ದಕ್ಕೆ 2025ರ ಡಿಸೆಂಬರ್ 31 ಕೊನೆ ದಿನ ಇತ್ತು, ಅದರೊಳಗೆ ಮುಗಿಯಿತು. ಜಾಸ್ತಿ ಬಂದ ರೊಕ್ಕವನ್ನು ಕಾಕಾ ಬಡ್ಡಿ ಸಮೇತ ವಾಪಸ್ ಕಟ್ಟಿದರು. ನಾವಾಗಿಯೇ ಹೋಗಿ ಹೇಳದೆ ಇಲಾಖೆಯೇ ಹಿಡಿದಿದ್ದರೆ, ಸುಳ್ಳು ಲೆಕ್ಕಕ್ಕೆ ದಂಡ ತಪ್ಪಿಸಿದ ತೆರಿಗೆಯ ಎರಡು ಪಟ್ಟು. ಏಜೆಂಟನಿಗೆ ಫೋನ್ ಮಾಡಿದರೆ "ಸಹಿ ನಿಮ್ದ ಅಲ್ರಿ, ನಂದೇನೈತಿ" ಅಂದ. ಕಮಿಷನ್ ವಾಪಸ್ ಕೊಡಲಿಲ್ಲ. ಕೊಟ್ಟದ್ದಕ್ಕೆ ರಸೀದಿಯೂ ಇಲ್ಲ. ತಮ್ಮನ ರಿಫಂಡ್ ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ತಡವಾದರೆ ಇಲಾಖೆ ತಿಂಗಳಿಗೆ ಶೇ. 0.5 ಬಡ್ಡಿ ಕೊಡುತ್ತದೆ, ಆದರೆ ತಡ ನಮ್ಮ ಕಡೆಯಿಂದ ಆಗಿದ್ದರೆ ಆ ಅವಧಿಗೆ ಇಲ್ಲ.

ಸಿಎ ಫೀ ಎಷ್ಟು ಅಂತ ಮೊದಲೇ ಹೇಳಿದರು, ರಿಫಂಡಿಗೂ ಅದಕ್ಕೂ ಸಂಬಂಧ ಇಲ್ಲ. ಪರ್ಸೆಂಟ್ ಮೇಲೆ ಫೀ ತೆಗೆದುಕೊಳ್ಳುವುದಕ್ಕೆ ಸಿಎಗಳಿಗೆ ಅವರ 1949ರ ಕಾಯ್ದೆಯಲ್ಲೇ ನಿರ್ಬಂಧ ಇದೆ. ಬೋರ್ಡಿನಲ್ಲಿ "ಟ್ಯಾಕ್ಸ್ ಕನ್ಸಲ್ಟಂಟ್" ಅಂತ ಇದ್ದ ಮಾತ್ರಕ್ಕೆ ಸಿಎ ಅಲ್ಲ, ಕೇಳಿ ನೋಡಿ.

ನಿಜ ಹೇಳಬೇಕೆಂದರೆ ರಿಫಂಡ್ ಬರಲು ಯಾರ ಶಿಫಾರಸೂ ಬೇಕಿಲ್ಲ. ರಿಟರ್ನ್ ಹಾಕುವ ಮುಂಚೆ ಪೋರ್ಟಲ್‌ನಲ್ಲಿ 26ಎಎಸ್ ಮತ್ತು ಎಐಎಸ್ (ಇಲಾಖೆಗೆ ಗೊತ್ತಿರುವ ನಿಮ್ಮ ಆದಾಯದ ವಿವರ) ತೆರೆದು, ಹಿಡಿದ ಟಿಡಿಎಸ್ ನಿಮ್ಮ ಪ್ಯಾನ್‌ಗೆ ಬಂದಿದೆಯಾ ನೋಡಿ. ಬಂದಿಲ್ಲ ಅಂದರೆ ಟಿಡಿಎಸ್ ಹಿಡಿದ ಕಚೇರಿಯಲ್ಲೇ ಕೇಳಬೇಕು. ರಿಟರ್ನ್ ಹಾಕಿ 30 ದಿನದೊಳಗೆ ಇ-ವೆರಿಫೈ (ಹಾಕಿದ್ದು ನೀವೇ ಅಂತ ಖಚಿತಪಡಿಸುವುದು) ಮಾಡಬೇಕು, ವೆರಿಫೈ ಮಾಡದೇ ಬಿಟ್ಟರೆ ಹಾಕಿದ್ದೇ ಲೆಕ್ಕಕ್ಕಿಲ್ಲ. ವಿದೇಶದಲ್ಲಿ ಇರುವವರಿಗೆ ಆಧಾರ್ ಒಟಿಪಿ ಬರದಿದ್ದರೆ ನೆಟ್ ಬ್ಯಾಂಕಿಂಗ್ ಮೂಲಕ ಮಾಡಬಹುದು, ಅಥವಾ ಸಹಿ ಮಾಡಿದ ಐಟಿಆರ್-ವಿ (ರಿಟರ್ನ್ ಹಾಕಿದ ಸ್ವೀಕೃತಿ ಪತ್ರ) ಬೆಂಗಳೂರಿನ ಸಿಪಿಸಿಗೆ, ಅಂದರೆ ಇಲಾಖೆಯ ರಿಟರ್ನ್ ಪರಿಶೀಲಿಸುವ ಕೇಂದ್ರಕ್ಕೆ, ಕಳಿಸಬಹುದು. ರಿಫಂಡ್ ಬರುವ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ (ದೃಢೀಕರಣ) ಆಗಿರಬೇಕು. ಬ್ಯಾಂಕಿನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನ್ನೊಂದು ಇದ್ದರೆ ರೊಕ್ಕ ಅಲ್ಲೇ ನಿಲ್ಲುತ್ತದೆ. ದುಬೈನವರು ಅಲ್ಲಿನ ತೆರಿಗೆ ನಿವಾಸಿ ಪ್ರಮಾಣಪತ್ರ ಮತ್ತು ಅದರ ಜೊತೆಗಿನ ಘೋಷಣೆ ಫಾರ್ಮ್ (2026ರ ಮಾರ್ಚ್‌ವರೆಗೆ 10ಎಫ್) ಬ್ಯಾಂಕಿಗೆ ಕೊಟ್ಟರೆ ಎನ್‌ಆರ್‌ಒ ಬಡ್ಡಿಯ ಟಿಡಿಎಸ್ ಭಾರತ–ಯುಎಇ ತೆರಿಗೆ ಒಪ್ಪಂದದ ಪ್ರಕಾರ ಶೇ. 12.5ಕ್ಕೆ ಇಳಿಯುತ್ತದೆ, ರಿಫಂಡಿಗೆ ಕಾಯುವ ಮೊತ್ತವೇ ಸಣ್ಣದಾಗುತ್ತದೆ.

ಇದನ್ನು ಈಗ ಬರೆಯುವುದಕ್ಕೆ ಕಾರಣ ಇದೆ. ಆಲಮಟ್ಟಿಯ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಹೋಗುವ ಹೊಲಗಳಿಗೆ ಪರಿಹಾರ ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಖುಷ್ಕಿ ಜಮೀನಿಗೆ 30 ಲಕ್ಷ ಅಂತ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿದೆ. ರೊಕ್ಕ ಬರುವ ಊರಿಗೆ ಈ ಏಜೆಂಟರು ಮೊದಲೇ ಬಂದು ಕೂತಿರುತ್ತಾರೆ.

ಈಗಾಗಲೇ ಯಾರ ಕೈಯಲ್ಲಾದರೂ ಹೀಗೆ ರಿಟರ್ನ್ ಹಾಕಿಸಿದ್ದರೆ ಸುಮ್ನೆ ಕೂರಬೇಡಿ. ಪೋರ್ಟಲ್‌ಗೆ ಹೋಗಿ ಹಾಕಿದ ರಿಟರ್ನ್ ಡೌನ್‌ಲೋಡ್ ಮಾಡಿ, ಕಡಿತಗಳ ಪಟ್ಟಿ ಓದಿ. ನೀವು ಕಟ್ಟದ ವಿಮೆ, ಕೊಡದ ದೇಣಿಗೆ ಕಂಡರೆ ಮತ್ತು ರಿವೈಸ್ ಮಾಡುವ ದಿನ ಮುಗಿದಿದ್ದರೆ, ಅಪ್‌ಡೇಟೆಡ್ ರಿಟರ್ನ್ ಅಂತ ಒಂದು ದಾರಿ ಇದೆ. ಅದರಲ್ಲಿ ರಿಫಂಡ್ ಕೇಳಲು ಆಗುವುದಿಲ್ಲ, ತಪ್ಪಿದ ತೆರಿಗೆ ಕಟ್ಟಲು ಮಾತ್ರ. ತೆರಿಗೆ, ಬಡ್ಡಿ ಎರಡರ ಮೇಲೆ ಮೊದಲ ವರ್ಷ ಶೇ. 25 ಜಾಸ್ತಿ, ಎರಡನೇ ವರ್ಷ ಶೇ. 50. ಇಲಾಖೆ ವಿಚಾರಣೆ ಶುರು ಮಾಡಿದ ಮೇಲೆ ಆ ಬಾಗಿಲೂ ಮುಚ್ಚಬಹುದು. ಪೋರ್ಟಲ್ ಬಗ್ಗೆ ಏನಾದರೂ ಕೇಳಬೇಕಿದ್ದರೆ ಇಲಾಖೆಯ ಟೋಲ್ ಫ್ರೀ ನಂಬರ್ 1800 103 0025.