ಸ್ತನ ಕ್ಯಾನ್ಸರಿನ ಸೊನ್ನೆಯ ಹಂತ: ಮೈಸೂರಿನ ಒಂದು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಸೇವೆ

ಮಂಡ್ಯದಲ್ಲಿರುವ ನನ್ನ ಅಕ್ಕನಿಗೆ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ತನದ ಶಸ್ತ್ರಚಿಕಿತ್ಸೆಯಾಯಿತು. ಇದೇ ತೊಂದರೆಗೆ ಹೋಗುವವರಿಗೆ ಉಪಯೋಗವಾಗಲೆಂದು ಆ ಸೇವೆಯ ಕುರಿತು ಬರೆಯುತ್ತಿದ್ದೇನೆ. ಅಕ್ಕನಿಗೆ ಗಂಟಾಗಲಿ ನೋವಾಗಲಿ ಇರಲಿಲ್ಲ. ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಮಿನಲ್ಲಿ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆಗಳ ಗುಂಪೊಂದು ಕಂಡಿತು, ಸೂಜಿ ಬಯಾಪ್ಸಿಯ ವರದಿಯಲ್ಲಿ ಡಿಸಿಐಎಸ್ ಎಂದು ಬಂತು. ಕ್ಯಾನ್ಸರ್ ಕೋಶಗಳು ಹಾಲಿನ ನಾಳದ ಒಳಗೇ ಇದ್ದು, ನಾಳದ ಗೋಡೆಯನ್ನು ದಾಟದಿರುವ ಸ್ಥಿತಿ ಇದು; ಸೊನ್ನೆಯ ಹಂತ ಎನ್ನುವುದು ಇದನ್ನೇ.

ಈ ಸೇವೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಶಸ್ತ್ರಚಿಕಿತ್ಸಕಿಯ ಸಮಾಲೋಚನೆಯನ್ನು. ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ಮನೆಯ ಹಿರಿಯರೆಲ್ಲ ಪೂರ್ತಿ ತೆಗೆಸಿಬಿಡಿ ಎಂದು ಪಟ್ಟು ಹಿಡಿದಿದ್ದರು. ಆ ವೈದ್ಯೆ ಕಾಗದದ ಮೇಲೆ ನಾಳದ ಚಿತ್ರ ಬರೆದು ತೋರಿಸಿ, ನಾಳೆಯೇ ಆಪರೇಷನ್ ಆಗಬೇಕಾದ ಕಾಯಿಲೆ ಇದಲ್ಲ, ಯೋಚಿಸಿ ಬನ್ನಿ ಎಂದರು. ಚುಕ್ಕೆಗಳು ಒಂದೇ ಕಡೆ ಸಣ್ಣ ಜಾಗದಲ್ಲಿದ್ದರೆ ಆ ಭಾಗವನ್ನಷ್ಟೇ ತೆಗೆದು ರೇಡಿಯೇಷನ್ ಕೊಡಬಹುದೆಂದೂ, ಹಲವು ಕಡೆ ಹಬ್ಬಿದ್ದರೆ, ತೆಗೆದ ತುಂಡಿನ ಅಂಚು ರೋಗವಿಲ್ಲದೆ ಶುದ್ಧವಾಗಿ ಸಿಗದಿದ್ದರೆ ಅಥವಾ ರೇಡಿಯೇಷನ್ ಸಾಧ್ಯವಿಲ್ಲದಿದ್ದರೆ ಮಾತ್ರ ಪೂರ್ತಿ ತೆಗೆಯುವ ಮಾತೆಂದೂ ವಿವರಿಸಿದರು. ಅಂಕಿಗಳನ್ನೂ ಮುಚ್ಚಿಡಲಿಲ್ಲ. ಭಾಗಶಃ ತೆಗೆದ ಮೇಲೆ ರೇಡಿಯೇಷನ್ ಇಲ್ಲದಿದ್ದರೆ ಹತ್ತು ವರ್ಷಗಳಲ್ಲಿ ಅದೇ ಸ್ತನದಲ್ಲಿ ನೂರರಲ್ಲಿ ಸುಮಾರು 28 ಮಂದಿಗೆ ಮರಳುತ್ತದೆ, ಕೊಟ್ಟರೆ ಅದು ಸುಮಾರು 13ಕ್ಕೆ ಇಳಿಯುತ್ತದೆ, ಮರಳಿದವುಗಳಲ್ಲಿ ಅರ್ಧದಷ್ಟು ನಾಳ ದಾಟಿದ ಕ್ಯಾನ್ಸರ್ ಆಗಿರುತ್ತವೆ. ಆದರೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಇಷ್ಟನ್ನೂ ಅಕ್ಕನ ಮುಖ ನೋಡಿಕೊಂಡೇ ಹೇಳಿದ್ದು ನನಗೆ ದೊಡ್ಡದಾಗಿ ಕಂಡಿತು, ಏಕೆಂದರೆ ಇಂಥ ಮಾತುಗಳನ್ನು ಗಂಡನಿಗೋ ತಮ್ಮನಿಗೋ ಹೇಳಿ ಮುಗಿಸುವುದನ್ನು ಬೇರೆಡೆ ಕಂಡಿದ್ದೇನೆ.

ಕೈಗೆ ಸಿಗದ ಚುಕ್ಕೆಗಳನ್ನು ಕತ್ತರಿಸುವುದು ಹೇಗೆಂಬ ಕುತೂಹಲ ನನಗಿತ್ತು. ಆಪರೇಷನ್ ದಿನ ಬೆಳಿಗ್ಗೆ ಮ್ಯಾಮೊಗ್ರಾಮ್ ನೋಡಿಕೊಂಡು ಸಣ್ಣ ತಂತಿಯೊಂದನ್ನು ಆ ಜಾಗಕ್ಕೆ ಇಳಿಸಿ, ಹೊರಗುಳಿದ ತುದಿಯನ್ನು ಹತ್ತಿಬಟ್ಟೆಯಿಂದ ಮುಚ್ಚಿ ಪ್ಲಾಸ್ಟರ್ ಹಾಕಿದರು. ಶಸ್ತ್ರಚಿಕಿತ್ಸಕಿ ಆ ತಂತಿಯ ಜಾಡು ಹಿಡಿದೇ ಹೋಗುತ್ತಾರೆ. ತೆಗೆದ ತುಂಡನ್ನು ಅಲ್ಲೇ ಎಕ್ಸ್‌ರೇ ಮಾಡಿ, ಚುಕ್ಕೆಗಳೆಲ್ಲ ಬಂದಿವೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹೊಲಿಗೆ ಹಾಕಿದರು. ಕಂಕುಳಿನ ಗ್ರಂಥಿಗಳನ್ನು ಮುಟ್ಟಲಿಲ್ಲ; ಭಾಗಶಃ ತೆಗೆಯುವಾಗ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ. ತೆಗೆದ ತುಂಡನ್ನು ಪರೀಕ್ಷಿಸಿ ಕೊಟ್ಟ ಪೆಥಾಲಜಿ ವರದಿಯಲ್ಲಿ ರೋಗಕ್ಕೂ ಅಂಚಿಗೂ ನಡುವೆ 2 ಮಿಲಿಮೀಟರಿಗಿಂತ ಹೆಚ್ಚು ಅಂತರವಿತ್ತು. ಅದು ಕಡಿಮೆಯಿದ್ದಲ್ಲಿ ಮತ್ತೊಮ್ಮೆ ಕತ್ತರಿಸಬೇಕಾಗಬಹುದೆಂದು ಮೊದಲೇ ಹೇಳಿದ್ದರಿಂದ ವರದಿಗಾಗಿ ಕಾಯುವುದು ಕಷ್ಟವಾದರೂ ಗೊಂದಲವಾಗಲಿಲ್ಲ.

ಕೊರತೆಗಳೂ ಇವೆ. ತಂತಿ ಹಾಕಿದ ಮೇಲೆ ಅಕ್ಕನನ್ನು ಥಿಯೇಟರಿಗೆ ಕರೆಯುವವರೆಗೆ, ಜನ ಓಡಾಡುವ ಪಡಸಾಲೆಯ ಕುರ್ಚಿಯಲ್ಲಿ ಬಹಳ ಹೊತ್ತು ಕೂರಿಸಿದ್ದರು. ಖಾಲಿ ಹೊಟ್ಟೆಯಲ್ಲಿ, ಆಸ್ಪತ್ರೆಯ ತೆಳು ಗೌನಿನ ಮೇಲೆ ಸೆರಗಿನಂತೆ ಶಾಲು ಎಳೆದುಕೊಂಡು, ತಂತಿ ಅಲುಗೀತೆಂದು ಕೈಯೆತ್ತಲೂ ಹೆದರಿ ಕುಳಿತಿದ್ದಳು. ಅಲ್ಲಿ ಒಂದು ಮಂಚ, ಒಂದು ಪರದೆ ಇರಲೇಬೇಕು. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಕನ್ನಡದಲ್ಲಿ ಕೊಡುವುದು ಈ ಊರಿನ ಆಸ್ಪತ್ರೆಗೆ ಕಷ್ಟದ ಕೆಲಸವಲ್ಲ. ಬಿಲ್ಲಿಂಗ್ ವಿಭಾಗ ಹೇಳಿದ ಪ್ಯಾಕೇಜಿನಲ್ಲಿ ಪೆಥಾಲಜಿ ಶುಲ್ಕ ಸೇರಿರಲಿಲ್ಲ, ಆದ್ದರಿಂದ ದಾಖಲಾಗುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ.

ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಕೆಲವು ವಾರ ನಡೆಯುವುದರಿಂದ ಮಂಡ್ಯದವರು ಬೆಳಗಿನ ಸಮಯ ಕೇಳಿ ಪಡೆದರೆ ರೈಲಿನಲ್ಲಿ ಹೋಗಿಬರಬಹುದು. ಅಕ್ಕನಿಗೆ ಕೀಮೋ ಬೇಕಾಗಲಿಲ್ಲ, ಹಾರ್ಮೋನ್ ಪರೀಕ್ಷೆ ನೋಡಿ, ಸ್ತನದಲ್ಲಿ ಈಸ್ಟ್ರೊಜೆನ್ ಹಾರ್ಮೋನಿನ ಪರಿಣಾಮ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆ ಬರೆದಿದ್ದಾರೆ. ಇನ್ನು ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಆಗಬೇಕು. ಹಳೆಯ ಫಿಲ್ಮುಗಳನ್ನು ಹೊಸದರೊಂದಿಗೆ ಹೋಲಿಸಿ ನೋಡುವುದರಿಂದ ಡಿಸ್ಚಾರ್ಜ್ ಆಗುವಾಗ ಅವನ್ನೂ ಪೂರ್ತಿ ಪೆಥಾಲಜಿ ವರದಿಯನ್ನೂ ಕೇಳಿ ಪಡೆದುಕೊಳ್ಳಿ.