ಸ್ವಿಫ್ಟಿಗೆ ಪೋಲೋ ಚಕ್ರ: ಅಡಾಪ್ಟರ್ ಹಾಕಿಸೋದಾ, ಬೇರೆ ಅಲಾಯ್ ತಗೊಳ್ಳೋದಾ?

ಭಾವನ ಪೋಲೋದಿಂದ ಬಿಚ್ಚಿದ 15 ಇಂಚಿನ ಅಲಾಯ್‌ಗಳು ಮನೆಯಲ್ಲೇ ಬಿದ್ದಿದ್ದವು. ಸುಮ್ನೆ ಯಾಕೆ ಹಾಳಾಗಬೇಕು, ನನ್ನ ಸ್ವಿಫ್ಟಿಗೆ ಹಾಕೋಣ ಅಂದುಕೊಂಡೆ. ಆದರೆ ಸ್ವಿಫ್ಟಿನ ಪಿಸಿಡಿ 4×100, ಅಂದರೆ 100 ಮಿ.ಮೀ. ವೃತ್ತದಲ್ಲಿ ನಾಲ್ಕು ನಟ್. ಪೋಲೋದು 5×100. ಕೂರುವುದೇ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದಾಗ ಎರಡು ದಾರಿ ಸಿಕ್ಕವು. ಎರಡನ್ನೂ ಓಡಿಸಿ ನೋಡಿದ್ದೇನೆ.

ಮೊದಲು 20 ಮಿ.ಮೀ. ದಪ್ಪದ ಅಡಾಪ್ಟರ್. ಹಬ್‌ಗೆ, ಅಂದರೆ ಗಾಡಿಯಲ್ಲಿ ಚಕ್ರ ಕೂರುವ ಭಾಗಕ್ಕೆ ಅದನ್ನು ಬಿಗಿದು, ಅದರ ಸ್ಟಡ್‌ಗಳಿಗೆ (ಹೊರಚಾಚಿದ ಥ್ರೆಡ್ ಕಡ್ಡಿಗಳಿಗೆ) ಚಕ್ರ ಬಿಗಿಯುವುದು. ಪೋಲೋ ಚಕ್ರದ ಆಫ್‌ಸೆಟ್, ಅಂದರೆ ಚಕ್ರದ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖದವರೆಗಿನ ದೂರ, 40 ಮಿ.ಮೀ. (ಇದು ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ), ಅದರಲ್ಲಿ ಅಡಾಪ್ಟರಿನ 20 ಕಳೆದರೆ ಉಳಿಯುವುದು 20. ನನ್ನ ಹಳೆಯ ಚಕ್ರದ್ದು 45, ಅಗಲ 5.5 ಇಂಚು; ಇದರ ಅಗಲ 6. ಎಲ್ಲಾ ಸೇರಿ ಹೊರ ಅಂಚು 31 ಮಿ.ಮೀ. ಆಚೆ ಬಂತು. ಹಿಂದೆ ಮೂವರು ಕೂತಿರುವಾಗ ಹಂಪ್ ಹತ್ತಿಸಿದರೆ ಸಾಕು, ಟೈರು ಮಡ್‌ಗಾರ್ಡಿಗೆ ಸರ್ರಂತ ಉಜ್ಜುತ್ತಿತ್ತು.

ಅದಕ್ಕಿಂತ ಜಾಸ್ತಿ ಭಯ ಆಗಿದ್ದು ನಟ್ ನೋಡಿ. ಪೋಲೋ ಚಕ್ರದಲ್ಲಿ ಬೋಲ್ಟ್ ಕೂರುವ ಜಾಗ ಬಟ್ಟಲಿನ ಹಾಗೆ ದುಂಡಗಿರುತ್ತದೆ, ಅಡಾಪ್ಟರ್ ಜೊತೆ ಬಂದ ನಟ್ಟಿನ ಮೂತಿ ಶಂಕುವಿನ ಹಾಗೆ. 300 ಕಿ.ಮೀ. ಆದ ಮೇಲೆ ಬಿಚ್ಚಿದರೆ ಆ ಬಟ್ಟಲಿನ ಸುತ್ತ ಕೂದಲೆಳೆಯಷ್ಟು ಹೊಳೆಯುವ ಗೆರೆ ಒಂದೇ. ಇಡೀ ಚಕ್ರ ಅಷ್ಟರ ಮೇಲೆ ನಿಂತಿತ್ತು! ಎರಡು ನಟ್ ಸಡಿಲ ಬೇರೆ ಆಗಿದ್ದವು. ಇನ್ನೊಂದು ವಿಷಯ, ದಾರಿಯಲ್ಲಿ ಪಂಚರ್ ಆದರೆ ನಾಲ್ಕು ತೂತಿನ ಸ್ಟೆಪ್ನಿ ಹಾಕೋಕೆ ಮೊದಲು ಅಡಾಪ್ಟರನ್ನೇ ಬಿಚ್ಚಬೇಕು. ರಾತ್ರಿ ಹೊತ್ತು ಮನೆಯವರನ್ನು ಕೂರಿಸಿಕೊಂಡು ಇದೆಲ್ಲ ಆಗುವ ಮಾತಾ?

ಎರಡನೆಯದು 4×100 ಇರುವ ಬೇರೆ ಅಲಾಯ್. ಅಗಲ 6 ಇಂಚು, ಆಫ್‌ಸೆಟ್ 38. ಹೊರಗೆ ಬಂದದ್ದು 13 ಮಿ.ಮೀ. ಮಾತ್ರ, ಎಲ್ಲೂ ಉಜ್ಜಲಿಲ್ಲ. ಆದರೆ ಚಕ್ರದ ನಡುವಿನ ತೂತು 73.1 ಮಿ.ಮೀ., ಸ್ವಿಫ್ಟಿನ ಹಬ್ 54.1. ‘ನಟ್ ಬಿಗಿದರೆ ತಾನೇ ಸೆಂಟರ್ ಆಗುತ್ತೆ ಸಾರ್’ ಅಂದರು ಅಂಗಡಿಯವರು. ನೆಲಮಂಗಲ ದಾಟಿ 90 ಮುಟ್ಟಿದ್ದೇ ಸ್ಟೀರಿಂಗ್ ನಡುಗೋಕೆ ಶುರು. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲಿಲ್ಲ. ಕೊನೆಗೆ ಆ ತೂತಿಗೂ ಹಬ್‌ಗೂ ನಡುವಿನ ಸಂದು ತುಂಬುವ, ಆ ಅಳತೆಯ ಹಬ್ ರಿಂಗ್ ನಾಲ್ಕು ತಂದು, ಗಾಡಿ ಜಾಕ್ ಮೇಲಿರುವಾಗಲೇ ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಇಳಿಸಿದ ಮೇಲೆ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಪಾನಾ) ಹಾಕಿಸಿದೆ. ನಡುಕ ಹೋಯಿತು. ಈಗ ಹಾಸನದವರೆಗೆ ಸ್ಟೀರಿಂಗ್ ಅಲುಗಾಡುವುದಿಲ್ಲ.

ನಟ್ ಮಾತ್ರ ಮಾರುತಿಯದೇ ಥ್ರೆಡ್ ಇರಲಿ, ಎಂ12×1.25, ಅಂದರೆ 12 ಮಿ.ಮೀ. ದಪ್ಪದ ಸ್ಟಡ್‌ಗೆ, ಥ್ರೆಡ್ಡಿನ ಸುತ್ತುಗಳ ನಡುವೆ 1.25 ಮಿ.ಮೀ. ಅಂತರ. ಹ್ಯುಂಡೈ, ಹೋಂಡಾ ನಟ್ 1.5, ನೋಡೋಕೆ ಎರಡೂ ಒಂದೇ ಥರ. ತಪ್ಪು ನಟ್ ಹಾಕಿ, ಬಿಗಿಯುವ ಗನ್ ಹಿಡಿದು ಒತ್ತಿದರೆ ಸ್ಟಡ್ ಹೋದ ಹಾಗೆಯೇ. ಮೊದಲ ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಲು ಹೇಳಿ.

ಪೋಲೋ ಚಕ್ರಗಳನ್ನು ಭಾವನಿಗೆ ವಾಪಸ್ ಕೊಟ್ಟೆ. ಅಡಾಪ್ಟರ್ ಕೇಳಿಕೊಂಡು ಒಬ್ಬರು ಬಂದಿದ್ದರು, ಕೊಡಲಿಲ್ಲ.